ಹಳ್ಳವೋ, ಬಳ್ಳವೋ?

"ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಉಳಿತಾಯದ ಮಹಿಮೆಯನ್ನು ಹೇಳುವಾಗ, ಒಗ್ಗಟ್ಟಿನ ಬಲವನ್ನು ಹೊಗಳುವಾಗ, ಸಂಘದ ಕಟ್ಟಡ ನಿಧಿಗೆ ಚಂದಾ ಎತ್ತುವಾಗ ಕೂಡ ನಾವು ಈ ಗಾದೆಯನ್ನು ಮುಂದೆ ಮಾಡುವುದುಂಟು. ಹಲವು ಸೇರಿ ಒಂದಾಗುವುದು ಒಳ್ಳೆಯದು ಎಂಬುದೇ ಅದರ ಸಾರವೆಂದು ತಿಳಿದಿದ್ದೇವೆ. ಆದರೆ ಸ್ವಲ್ಪ ನಿಂತು ನೋಡಿದರೆ, ಈ ಗಾದೆಯ ಎರಡು ಅರ್ಧಗಳು ಒಂದೇ ಮಾತನ್ನು ಹೇಳುತ್ತಿಲ್ಲವೆಂದು ಗೊತ್ತಾಗುತ್ತದೆ. ತೆನೆಯಿಂದ ಬಂದ ಕಾಳು ಬಳ್ಳದೊಳಗೆ ಬಿದ್ದರೂ ಕಾಳಾಗಿಯೇ ಉಳಿದಿರುತ್ತದೆ. ಬಳ್ಳವನ್ನು ಮೊರಕ್ಕೆ ಸುರಿದರೆ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಆರಿಸಬಹುದು. ಹಳ್ಳಕ್ಕೆ ಬಿದ್ದ ಹನಿಯ ಪಾಡು ಹಾಗಲ್ಲ. ಅದು ಯಾವ ಮೋಡದಿಂದ ಬಂತು, ಯಾವ ಹೆಂಚಿನಿಂದ ತೊಟ್ಟಿಕ್ಕಿತು ಎಂಬುದನ್ನು ಇನ್ನು ಯಾರೂ ಹೇಳಲಾರರು. ಬಳ್ಳದಿಂದ ಕಾಳನ್ನು ಹಿಂದಕ್ಕೆ ಪಡೆಯಬಹುದು, ಹಳ್ಳದಿಂದ ಹನಿಯನ್ನು ಪಡೆಯಲಾಗದು.

ಹಾಗಾದರೆ ಹಲವನ್ನು ಒಂದು ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರಿಗೆ, ಹಾಗೆ ಒಂದಾಗಿ ಹೋದವುಗಳ ಬಗ್ಗೆ ಏನಾದರೂ ಋಣವಿದೆಯೆ? ಇದ್ದರೆ ಆ ಋಣ ಎಂಥದು? ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇಷ್ಟನ್ನೇ.

ಇದು ವೇದಾಂತಿಗಳಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಭಾವಿಸಬೇಕಾಗಿಲ್ಲ. ಕಾರ್ಖಾನೆ, ಬಂದರು, ಆಸ್ಪತ್ರೆಗಳ ಕೆಲಸದ ನಡೆಯನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವ ಎಂಜಿನಿಯರರು ಇದನ್ನು ದಿನವೂ ಎದುರಿಸುತ್ತಾರೆ. ಈ ವಿದ್ಯೆಗೆ ಸಿಮ್ಯುಲೇಷನ್ ಎಂದು ಹೆಸರು. ಒಂದು ಹೊಸ ಆಸ್ಪತ್ರೆಯನ್ನು ಕಟ್ಟಬೇಕಾಗಿದೆ ಎನ್ನೋಣ. ಚೀಟಿ ಕೊಡುವ ಕಿಂಡಿಗಳು ಎಷ್ಟಿರಬೇಕು? ರಕ್ತಪರೀಕ್ಷೆಯ ಯಂತ್ರಗಳು ಎಷ್ಟು ಬೇಕು? ಕಟ್ಟಿ ಮುಗಿದ ಮೇಲೆ ಸಾಲದೆಂದು ತಿಳಿದರೆ ಗೋಡೆ ಒಡೆಯಬೇಕಾಗುತ್ತದೆ. ಆದ್ದರಿಂದ ಮೊದಲೇ ಗಣಕಯಂತ್ರದೊಳಗೆ ಒಂದು ಕಾಲ್ಪನಿಕ ಆಸ್ಪತ್ರೆಯನ್ನು ನಿರ್ಮಿಸುತ್ತಾರೆ. ಅದರ ಬಾಗಿಲಿಗೆ ಒಬ್ಬೊಬ್ಬರಾಗಿ ಕಾಲ್ಪನಿಕ ರೋಗಿಗಳು ಬರುತ್ತಾರೆ. ಬಂದ ವೇಳೆ, ವಯಸ್ಸು, ಕಾಯಿಲೆ, ತುರ್ತು ಇದೆಯೋ ಇಲ್ಲವೋ ಎಂಬ ಲಕ್ಷಣಗಳ ಚೀಟಿಯೊಂದು ಪ್ರತಿಯೊಬ್ಬರ ಬೆನ್ನಿಗೂ ಅಂಟಿರುತ್ತದೆ. ಅವರು ಸಾಲಿನಲ್ಲಿ ನಿಲ್ಲುತ್ತಾರೆ, ಕಾಯುತ್ತಾರೆ, ಪರೀಕ್ಷೆ ಮುಗಿಸಿಕೊಂಡು ಹೊರಡುತ್ತಾರೆ. ಒಂದು ವರ್ಷದ ವ್ಯವಹಾರ ಕೆಲವೇ ನಿಮಿಷಗಳಲ್ಲಿ ನಡೆದುಹೋಗುತ್ತದೆ. ಎಲ್ಲಿ ಸಾಲು ಬೆಳೆಯಿತು, ಎಲ್ಲಿ ಯಂತ್ರ ಕೆಲಸವಿಲ್ಲದೆ ನಿಂತಿತು ಎಂಬ ಲೆಕ್ಕ ಕೊನೆಯಲ್ಲಿ ಕೈಗೆ ಸಿಗುತ್ತದೆ.

ಇಂಥ ಮಾದರಿಯಲ್ಲಿ ಹಲವನ್ನು ಒಂದು ಮಾಡದೆ ಗತ್ಯಂತರವಿಲ್ಲ. ರಕ್ತದ ಕೊಳವೆಗಳು ಯಂತ್ರದೊಳಗೆ ಒಂದೊಂದಾಗಿ ಹೋಗುವುದಿಲ್ಲ, ಒಂದು ಬ್ಯಾಚ್ ತುಂಬಿದ ಮೇಲೆ ಹೋಗುತ್ತವೆ. ಸಿಮೆಂಟಿನ ಚೀಲಗಳು ಲಾರಿ ತುಂಬಿದ ಮೇಲೆ ಹೊರಡುತ್ತವೆ. ಅದೂ ಅಲ್ಲದೆ, ಲಕ್ಷ ಚೀಲಗಳಿಗೆ ಲಕ್ಷ ಚೀಟಿ ಬರೆದುಕೊಂಡು ಕೂತರೆ ಗಣಕಯಂತ್ರವೂ ಏದುಸಿರು ಬಿಡುತ್ತದೆ. ಹೀಗಾಗಿ ಮಾದರಿಕಾರ ನೂರು ಚೀಲಗಳಿಗೆ ಬದಲಾಗಿ ಒಂದೇ ಒಂದು ವಸ್ತುವನ್ನು ಓಡಾಡಿಸುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಹಲವನ್ನು ಒಂದಾಗಿ ಕಾಣದಿದ್ದರೆ ಮನುಷ್ಯನಿಗೆ ಯೋಚನೆ ಮಾಡುವುದೇ ಸಾಧ್ಯವಾಗುತ್ತಿರಲಿಲ್ಲ. 'ಮರ' ಎನ್ನುವ ಮಾತೇ ಕೋಟಿ ಮರಗಳನ್ನು ಒಂದು ಮಾಡಿದ ಮಾತಲ್ಲವೆ?

1961ರಲ್ಲಿ ಐ.ಬಿ.ಎಂ. ಸಂಸ್ಥೆಯ ಜೆಫ್ರಿ ಗಾರ್ಡನ್ ಎಂಬವರು ಈ ಕೆಲಸಕ್ಕೆಂದೇ ಜಿ.ಪಿ.ಎಸ್.ಎಸ್. ಎಂಬ ಗಣಕಭಾಷೆಯನ್ನು ರೂಪಿಸಿದರು. ಅದರಲ್ಲಿ ಹಲವನ್ನು ಸೇರಿಸಲು ಎರಡು ಬೇರೆ ಬೇರೆ ಆಜ್ಞೆಗಳಿವೆ. ಒಂದರ ಹೆಸರು ಗ್ಯಾದರ್, ಇನ್ನೊಂದರ ಹೆಸರು ಅಸೆಂಬಲ್. ಗ್ಯಾದರ್ ಎಂದರೆ, ಹೇಳಿದಷ್ಟು ಜನ ಬರುವ ತನಕ ಎಲ್ಲರೂ ಕಾದು, ಆ ಮೇಲೆ ಎಲ್ಲರೂ ತಮ್ಮ ತಮ್ಮ ಚೀಟಿಯೊಡನೆ ಮುಂದಕ್ಕೆ ಹೋಗುತ್ತಾರೆ. ಅಸೆಂಬಲ್ ಎಂದರೆ, ಮೊದಲು ಬಂದದ್ದು ನಿಂತು ಕಾಯುತ್ತದೆ. ಅದರ ಹಿಂದೆ ಬಂದ ಒಂದೊಂದೂ ಎಣಿಕೆಗೆ ಸೇರಿ ಅಲ್ಲಿಯೇ ನಾಶವಾಗುತ್ತದೆ. ಎಣಿಕೆ ತುಂಬಿದಾಗ ಮೊದಲು ಬಂದದ್ದೊಂದೇ ಎಲ್ಲರ ಪರವಾಗಿ ಮುಂದೆ ಹೋಗುತ್ತದೆ. ನಂತರದ ಕಾಲದಲ್ಲಿ ಬಂದ ಅರೀನಾ ಎಂಬ ತಂತ್ರಾಂಶದಲ್ಲಿ ಇದೇ ಭೇದವನ್ನು ತಾತ್ಕಾಲಿಕ ಬ್ಯಾಚ್, ಶಾಶ್ವತ ಬ್ಯಾಚ್ ಎಂದು ಕರೆದಿದ್ದಾರೆ. ತಾತ್ಕಾಲಿಕವಾದದ್ದನ್ನು ಮುಂದೆ ಬೇಕಾದಾಗ ಬಿಡಿಸಿದರೆ ಒಳಗಿದ್ದವು ತಮ್ಮ ಹಳೆಯ ಲಕ್ಷಣಗಳೊಡನೆ ಹೊರಬರುತ್ತವೆ. ಶಾಶ್ವತವಾದದ್ದನ್ನು ಹಾಗೆ ಬಿಡಿಸಲು ಬರುವುದಿಲ್ಲ. ನಮ್ಮ ಗಾದೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ಬಳ್ಳ, ಇನ್ನೊಂದು ಹಳ್ಳ.

ಹಳ್ಳ ಮಾಡುವಾಗ ಮಾದರಿಕಾರನ ಮುಂದೆ ಇನ್ನೊಂದು ಪ್ರಶ್ನೆ ಏಳುತ್ತದೆ. ಇಪ್ಪತ್ತು ವಸ್ತುಗಳು ಹೋಗಿ ಒಂದು ಉಳಿಯಿತಷ್ಟೆ. ಆ ಒಂದರ ಬೆನ್ನಿಗೆ ಯಾರ ಚೀಟಿಯನ್ನು ಅಂಟಿಸಬೇಕು? ಮೊದಲು ಬಂದದ್ದರ ಲಕ್ಷಣವನ್ನೆ, ಕೊನೆಗೆ ಬಂದದ್ದರದನ್ನೆ, ಅಥವಾ ಎಲ್ಲದರ ಮೊತ್ತವನ್ನೆ? ತೂಕದಂಥ ಲಕ್ಷಣವಾದರೆ ಮೊತ್ತ ಸರಿಹೋಗುತ್ತದೆ. ಆದರೆ 'ತುರ್ತು' ಎಂಬ ಲಕ್ಷಣವನ್ನು ಕೂಡಿಸುವುದು ಹೇಗೆ? ಇಪ್ಪತ್ತು ರಕ್ತದ ಕೊಳವೆಗಳಲ್ಲಿ ಮೊದಲನೆಯದು ಎದೆನೋವಿನಿಂದ ಬಂದ ರೋಗಿಯದು, ಉಳಿದ ಹತ್ತೊಂಬತ್ತು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯವು ಎನ್ನೋಣ. ಮೂರು ನಿಮಿಷಕ್ಕೊಂದರಂತೆ ಕೊಳವೆಗಳು ಬರುತ್ತವೆ. ಬ್ಯಾಚ್ ತುಂಬುವ ತನಕ ಕೊನೆಯ ಕೊಳವೆ ಒಂದು ನಿಮಿಷವೂ ಕಾಯುವುದಿಲ್ಲ. ಮೊದಲನೆಯದು 57 ನಿಮಿಷ ಕಾಯುತ್ತದೆ. ಸರಾಸರಿ ತೆಗೆದರೆ 28 ನಿಮಿಷ 30 ಸೆಕೆಂಡು. ವರದಿಯಲ್ಲಿ ಬರುವುದು ಈ ಸರಾಸರಿ. ಅಧಿಕಾರಿಗಳು ಅದನ್ನು ನೋಡಿ "ಅರ್ಧ ಗಂಟೆಯೊಳಗೇ ಇದೆಯಲ್ಲ" ಎಂದು ಸಮಾಧಾನಪಡುತ್ತಾರೆ. 57 ನಿಮಿಷ ಕಾದ ಆ ಒಬ್ಬನು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಯಾರೂ ಸುಳ್ಳು ಹೇಳಿದ್ದಿಲ್ಲ, ಲೆಕ್ಕವೂ ತಪ್ಪಿದ್ದಿಲ್ಲ. ಹಾಗಿದ್ದರೂ ಒಬ್ಬ ಮನುಷ್ಯ ಕಾಣದೆ ಹೋದ.

ಮಹಾನಗರಗಳಲ್ಲಿ ಬಾಳುವ ನಮಗೆ ಇದರ ಅನುಭವ ಹೊಸದಲ್ಲ. ಮುಂಬಯಿಯ ಉಪನಗರಗಳಲ್ಲಿ ರೈಲ್ವೆ ಸ್ಟೇಷನ್ನಿನ ಹೊರಗೆ ನಿಂತ ಶೇರ್ ಆಟೋ ಮೂವರು ತುಂಬಿದ ಮೇಲೆಯೇ ಹೊರಡುತ್ತದೆ. ಮೊದಲು ಬಂದು ಕೂತವನು ಉಳಿದಿಬ್ಬರಿಗಾಗಿ ಕಾಯುತ್ತಾನೆ. ಮೂರನೆಯವನು ಕಾಲಿಟ್ಟ ಕೂಡಲೇ ಗಾಡಿ ಹೊರಡುತ್ತದೆ. ಬಾಡಿಗೆ ಮೂವರಿಗೂ ಒಂದೇ. ಒಂದಾಗುವುದರ ಲಾಭ ಸಮನಾಗಿ ಹಂಚಿಹೋಯಿತು, ಅದಕ್ಕೆ ತೆತ್ತ ಬೆಲೆ ಮಾತ್ರ ಹಾಗೆ ಹಂಚಿಹೋಗಲಿಲ್ಲ. ಆಟೋದಲ್ಲಿ ಇದು ದೊಡ್ಡ ಸಂಗತಿಯಲ್ಲ. ಇಂದು ಮೊದಲಿಗನಾದವನು ನಾಳೆ ಮೂರನೆಯವನಾಗಬಹುದು. ಆದರೆ ಯಾವಾಗಲೂ ಒಬ್ಬನೇ ಕಾಯಬೇಕಾದ ವ್ಯವಸ್ಥೆಯೂ ಉಂಟು. ಅಲ್ಲಿ ಸರಾಸರಿಯನ್ನು ತೋರಿಸಿ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಹೀಗೆ ನೋಡಿದಾಗ, ಒಂದು ಮಾಡುವವನ ಋಣಗಳಲ್ಲಿ ಎರಡಾದರೂ ಸ್ಪಷ್ಟವಾಗುತ್ತವೆ. ಮೊದಲನೆಯದು, ಹಿಂದಿರುಗುವ ದಾರಿಯನ್ನು ಉಳಿಸುವುದು. ದಾರಿ ಉಳಿಸಲು ಸಾಧ್ಯವೇ ಇಲ್ಲದಿದ್ದರೆ ಕಡೆಗೆ ಒಂದೊಂದರ ಲೆಕ್ಕವನ್ನಾದರೂ ಬರೆದಿಡುವುದು. ಎರಡನೆಯದು, ಒಂದಾಗುವುದರ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ನೋಡುವುದು. ಇವು ಬರೀ ಮಾತಲ್ಲ, ಲೋಕದಲ್ಲಿ ಆಚರಣೆಯಲ್ಲಿರುವ ಸಂಗತಿಗಳು.

ಮುಂಬಯಿಯ ಡಬ್ಬಾವಾಲರನ್ನು ಯಾರು ಅರಿಯರು? 1890ರ ಸುಮಾರಿಗೆ ಆರಂಭವಾದ ಆ ವೃತ್ತಿ, 2020ರ ಕೊರೊನಾ ಪಿಡುಗಿನ ಹೊಡೆತಕ್ಕೆ ತುಂಬ ಸೊರಗಿದರೂ ನಿಂತಿಲ್ಲ. ಬೇರೆ ಬೇರೆ ಮನೆಗಳ ಡಬ್ಬಿಗಳು ಸ್ಟೇಷನ್ನಿನಲ್ಲಿ ಒಂದೇ ಮರದ ಚೌಕಟ್ಟಿನೊಳಗೆ ಸೇರುತ್ತವೆ. ರೈಲಿನಲ್ಲಿ ಹೋಗುವಾಗ ಆ ಚೌಕಟ್ಟು ಒಂದೇ ಒಂದು ಹೊರೆ, ಅದನ್ನು ಹೊರುವ ತಲೆಯೂ ಒಂದೇ. ಆದರೆ ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ಬಣ್ಣದಲ್ಲಿ ಬರೆದ ಗುರುತಿದೆ. ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಯಾವ ಕಟ್ಟಡ, ಯಾವ ಮಹಡಿ ಎಂಬುದು ಅದರಲ್ಲಿದೆ. ಆ ಗುರುತಿನ ಬಲದಿಂದಲೇ ಗಿರಗಾಂವಿಯ ಬೇಳೆಸಾರು ಮಾಟುಂಗಾದ ಮೊಸರನ್ನದ ಜೊತೆ ಪ್ರಯಾಣ ಮಾಡಿಯೂ ಅದರಲ್ಲಿ ಬೆರೆಯುವುದಿಲ್ಲ. ಇದು ಬಳ್ಳದ ಧರ್ಮ.

ಹಾಲಿನ ಸಹಕಾರ ಸಂಘದ್ದು ಹಳ್ಳದ ಧರ್ಮ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆರಂಭವಾಗಿ, ಮುಂದೆ ನಮ್ಮ ಕರ್ನಾಟಕದ ಹಳ್ಳಿಗಳಿಗೂ ಬಂದ ಪದ್ಧತಿಯಿದು. ಹಸುವಿನ ಹಾಲು, ಎಮ್ಮೆಯ ಹಾಲು, ಬಡವರ ಒಂದು ಲೀಟರು, ಅನುಕೂಲಸ್ಥರ ಹತ್ತು ಲೀಟರು ಎಲ್ಲವೂ ಒಂದೇ ಕ್ಯಾನಿಗೆ ಬೀಳುತ್ತವೆ. ಬಿದ್ದ ಮೇಲೆ ಬ್ರಹ್ಮನೂ ಬೇರೆ ಮಾಡಲಾರ. ಅದನ್ನು ಬಲ್ಲವರಾದ್ದರಿಂದಲೇ ಸುರಿಯುವ ಮುಂಚೆ ಪ್ರತಿಯೊಬ್ಬರ ಹಾಲಿನ ಅಳತೆಯನ್ನೂ ಜಿಡ್ಡಿನ ಅಂಶವನ್ನೂ ನೋಡಿ ಅವರವರ ಪುಸ್ತಕದಲ್ಲಿ ಬರೆಯುತ್ತಾರೆ. ಹಾಲು ಒಂದಾದರೂ ಹೆಸರು ಉಳಿಯಿತು. ಒಂದು ಲೀಟರಿನ ಹೆಂಗಸಿಗೂ ಅವಳ ಹಣ ಅವಳ ಕೈಗೆ ಬರುತ್ತದೆ.

ಈ ಎಚ್ಚರ ಇದ್ದಾಗ ಮತ್ತು ಇಲ್ಲದಾಗ ಏನಾಗುತ್ತದೆಂಬುದಕ್ಕೆ ವೈದ್ಯಕ್ಷೇತ್ರದಿಂದ ಎರಡು ನಿದರ್ಶನಗಳನ್ನು ಕೊಡಬಹುದು. 1943ರಲ್ಲಿ ಅಮೆರಿಕದ ರಾಬರ್ಟ್ ಡಾರ್ಫ್‌ಮನ್ ಎಂಬವರು ಸೈನ್ಯಕ್ಕೆ ಸೇರುವವರ ರಕ್ತಪರೀಕ್ಷೆಗೆ ಒಂದು ಉಪಾಯವನ್ನು ಸೂಚಿಸಿದರು. ಹಲವರ ರಕ್ತವನ್ನು ಸ್ವಲ್ಪ ಸ್ವಲ್ಪ ಬೆರೆಸಿ ಒಂದೇ ಪರೀಕ್ಷೆ ಮಾಡುವುದು. ರೋಗದ ಸುಳಿವಿಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಪಾರು. ಸುಳಿವು ಸಿಕ್ಕರೆ ಮಾತ್ರ ಒಬ್ಬೊಬ್ಬರನ್ನೂ ಬೇರೆಯಾಗಿ ಪರೀಕ್ಷಿಸುವುದು. 2020ರ ಏಪ್ರಿಲಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಕೊರೊನಾ ಪರೀಕ್ಷೆಗೂ ಇದೇ ಬಗೆಯ ವಿಧಾನಕ್ಕೆ ಒಪ್ಪಿಗೆ ನೀಡಿತು. ಐದು ಜನರಿಗಿಂತ ಹೆಚ್ಚಿನವರದನ್ನು ಬೆರೆಸಬಾರದೆಂದೂ, ಸೋಂಕು ಶೇಕಡ 2ಕ್ಕಿಂತ ಕಡಿಮೆ ಇರುವೆಡೆಗೇ ಮುಖ್ಯವಾಗಿ ಈ ವಿಧಾನವೆಂದೂ ಅದು ಮಿತಿ ಹಾಕಿತು. ಇಲ್ಲಿ ಬೆರೆತದ್ದು ಒಂದಂಶ ಮಾತ್ರ. ಉಳಿದ ಅಂಶ ಹೆಸರು ಹೊತ್ತು ಬೇರೆಯಾಗಿಯೇ ಇದ್ದಿತು. ಸಂದೇಹ ಬಂದರೆ ಹಿಂದಿರುಗಲು ದಾರಿಯಿದ್ದಿತು.

ಇನ್ನೊಂದು ನಿದರ್ಶನ ದುಃಖಕರವಾದದ್ದು. ರಕ್ತ ಹೆಪ್ಪುಗಟ್ಟದ ಹೀಮೋಫೀಲಿಯ ಎಂಬ ಕಾಯಿಲೆಯವರಿಗೆ ರಕ್ತದ ಎಂಟನೆಯ ಅಂಶವೆಂಬ ಔಷಧ ಬೇಕು. ಮೊದಲು ಅದನ್ನು ಒಬ್ಬಿಬ್ಬರು ಅಥವಾ ಕೆಲವೇ ದಾನಿಗಳ ರಕ್ತದಿಂದ ತೆಗೆಯುತ್ತಿದ್ದರು. 1970ರ ದಶಕದಲ್ಲಿ ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಂದೇ ಪಾತ್ರೆಗೆ ಸುರಿದು, ಸಾರ ತೆಗೆದು, ಒಣಗಿಸಿ ಪುಡಿಮಾಡುವ ಕ್ರಮ ಬಂದಿತು. ಮನೆಯಲ್ಲೇ ಚುಚ್ಚಿಕೊಳ್ಳಬಹುದಾದ ಈ ಪುಡಿ ರೋಗಿಗಳಿಗೆ ವರವೆಂದೇ ಕಂಡಿತು. ಆದರೆ ಸಾವಿರಾರು ದಾನಿಗಳಲ್ಲಿ ಒಬ್ಬನಿಗೆ ಸೋಂಕಿದ್ದರೂ ಇಡೀ ಪಾತ್ರೆ ಕೆಡುತ್ತಿತ್ತು. ಬ್ರಿಟನ್ ಒಂದರಲ್ಲಿಯೇ ಸುಮಾರು 1,250 ಮಂದಿಗೆ, ಅವರಲ್ಲಿ ಸುಮಾರು 380 ಮಕ್ಕಳಿಗೆ, ಹೀಗೆ ಎಚ್.ಐ.ವಿ. ಸೋಂಕು ತಗಲಿತು. ಇದಕ್ಕಿಂತಲೂ ಹೆಚ್ಚು ಮಂದಿಗೆ ಹೆಪಟೈಟಿಸ್ ಸೋಂಕು ತಗಲಿತು. ಇದನ್ನು ವಿಚಾರಿಸಿದ ಸರ್ ಬ್ರಯನ್ ಲ್ಯಾಂಗ್‌ಸ್ಟಾಫ್ ಅವರ ಆಯೋಗದ ಅಂತಿಮ ವರದಿ ಹೊರಬಂದದ್ದು 2024ರ ಮೇ ತಿಂಗಳಲ್ಲಿ. ಸುರಿಯುವ ಮುಂಚೆ ಕೇಳಬೇಕಾದ ಪ್ರಶ್ನೆಗೆ ನಲವತ್ತು ವರ್ಷಗಳ ಮೇಲೆ ಉತ್ತರ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದರು.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. "ಹೆಸರು ಅಳಿಯುವುದೆಲ್ಲ ಕೆಟ್ಟದ್ದೆ? ಎಲ್ಲದಕ್ಕೂ ಲೆಕ್ಕ ಇಡಬೇಕೆ?" ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ದೇವರ ಹುಂಡಿಗೆ ಹಾಕಿದ ಕಾಸಿಗೆ ಹೆಸರಿಲ್ಲ, ಇರಲೂ ಬಾರದು. ಚುನಾವಣೆಯ ಸಂಗತಿಯನ್ನು ನೋಡಿ. ಮತಪತ್ರಗಳಿದ್ದ ಕಾಲದಲ್ಲಿ ಯಾವ ಹಳ್ಳಿಯವರು ಯಾರಿಗೆ ಮತ ಹಾಕಿದರೆಂಬುದು ತಿಳಿಯದಿರಲೆಂದು, ಬೇಕಾದ ಕಡೆ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ನಿಯಮಗಳಲ್ಲೇ ಅವಕಾಶ ಮಾಡಿದ್ದರು. ಮತಯಂತ್ರಗಳು ಬಂದ ಮೇಲೆ ಎಣಿಕೆ ಮತಗಟ್ಟೆವಾರು ನಡೆದು, ಇಂಥ ಕೇರಿ ಇಂಥವರಿಗೆ ಮತ ಹಾಕಲಿಲ್ಲವೆಂದು ಗೆದ್ದವನಿಗೆ ತಿಳಿಯುವಂತಾಯಿತು. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ಎಂಬ ಸಾಧನವನ್ನು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಇಲ್ಲಿ ಹಳ್ಳವೇ ಬೇಕು, ಬಳ್ಳ ಅಪಾಯಕಾರಿ. ಹನಿಯ ಗುರುತು ಸಿಕ್ಕರೆ ಆ ಕೇರಿಗೆ ನೀರಿನ ನಲ್ಲಿ ಬರದೆ ಹೋಗಬಹುದು.

ಆದ್ದರಿಂದ ನಮ್ಮ ಸೂತ್ರಕ್ಕೆ ಒಂದು ತಿದ್ದುಪಡಿ ಅಗತ್ಯ. ಹೆಸರು ಅಳಿಯಿತೇ ಎಂದಷ್ಟೇ ಕೇಳಿದರೆ ಸಾಲದು, ಯಾರ ಹಿತಕ್ಕಾಗಿ ಅಳಿಯಿತು ಎಂದು ಕೇಳಬೇಕು. ದುರ್ಬಲನನ್ನು ಬಲಿಷ್ಠನ ಕಣ್ಣಿನಿಂದ ಮರೆಮಾಡುವ ಬೆರಕೆ ರಕ್ಷಣೆಯಾಗುತ್ತದೆ. ದುರ್ಬಲನ ಕಷ್ಟವನ್ನೇ ಎಲ್ಲರ ಕಣ್ಣಿನಿಂದ ಮರೆಮಾಡುವ ಬೆರಕೆ ವಂಚನೆಯಾಗುತ್ತದೆ. ಮತಪೆಟ್ಟಿಗೆಯೂ ಆಸ್ಪತ್ರೆಯ ಸರಾಸರಿಯೂ ಹೊರನೋಟಕ್ಕೆ ಒಂದೇ ಕೆಲಸವನ್ನು ಮಾಡುತ್ತವೆ. ಒಂದು ಮತದಾರನನ್ನು ಕಾಯುತ್ತದೆ, ಇನ್ನೊಂದು ಅಧಿಕಾರಿಯನ್ನು ಕಾಯುತ್ತದೆ.

ಇಲ್ಲಿ ನಮ್ಮ ಹಿರಿಯರ ಒಂದು ವಿಚಾರವನ್ನೂ ನೆನೆಯಬೇಕು. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಜೇನಿನ ದೃಷ್ಟಾಂತವನ್ನು ಹೇಳುತ್ತಾನೆ. ಜೇನುನೊಣಗಳು ನಾನಾ ಮರಗಳ ರಸವನ್ನು ತಂದು ಒಂದೇ ರಸ ಮಾಡುತ್ತವೆ. ಒಂದಾದ ಮೇಲೆ ಆ ರಸಗಳಿಗೆ ತಾವು ಯಾವ ಮರದಿಂದ ಬಂದವರೆಂಬ ಅರಿವು ಇರುವುದಿಲ್ಲ. ಋಷಿಗೆ ಅದು ಪರಮಸತ್ಯದ ಕುರುಹು. ಹಾಗಾದರೆ ನಾವು ಇಷ್ಟು ಹೊತ್ತು ಹೆಸರು, ಲೆಕ್ಕ, ಗುರುತು ಎಂದು ಹೋರಾಡಿದ್ದು ವ್ಯರ್ಥವೆ? ಅಲ್ಲವೆಂದು ನಮಗೆ ತೋರುತ್ತದೆ. 'ನಾನು' ಎಂಬುದನ್ನು ಕಳೆದುಕೊಳ್ಳಬೇಕೆಂದು ಗುರು ಶಿಷ್ಯನಿಗೆ ಹೇಳಬಹುದು, ಶಿಷ್ಯ ತಾನಾಗಿ ಅದಕ್ಕೆ ಒಪ್ಪಬಹುದು. ಆದರೆ ಗುಮಾಸ್ತನೊಬ್ಬ ತನ್ನ ಕೆಲಸ ಹಗುರವಾಗಲೆಂದು ಇನ್ನೊಬ್ಬನ 'ನಾನು' ಎಂಬುದನ್ನು ಅಳಿಸಿ, ಅದಕ್ಕೆ ಅದ್ವೈತದ ಹೆಸರು ಕೊಡಲಾಗದು. ತಾನೇ ಬಿಡುವುದು ತ್ಯಾಗ. ಇನ್ನೊಬ್ಬರು ಕಸಿದರೆ ಅದು ತ್ಯಾಗವಾಗುವುದಿಲ್ಲ.

ಹುಟ್ಟೂರು ಬಿಟ್ಟು ಬಂದು ನೆಲೆಸಿದ ನಮ್ಮಂಥವರಿಗೆ ಈ ಕಸಿಯುವಿಕೆ ಪುಸ್ತಕದ ಮಾತಲ್ಲ. ಮುಂಬಯಿ, ದೆಹಲಿಗಳಿಗೆ ಬಂದ ಕನ್ನಡಿಗ, ತಮಿಳ, ತೆಲುಗ, ಮಲೆಯಾಳಿ ನಾಲ್ವರೂ ಬಹುಕಾಲ 'ಮದ್ರಾಸಿ' ಎಂಬ ಒಂದೇ ಮಾತಿನಲ್ಲಿ ಕರಗಿಹೋಗಿದ್ದರು. ಮದ್ರಾಸನ್ನು ಕಣ್ಣಿನಿಂದ ಕಾಣದ ವಿಜಾಪುರದವನೂ ಮದ್ರಾಸಿ. ಕರೆದವರಲ್ಲಿ ಹೆಚ್ಚಿನವರಿಗೆ ದ್ವೇಷವೇನೂ ಇರಲಿಲ್ಲ, ಕೆಲಸ ಹಗುರ ಮಾಡಿಕೊಂಡಿದ್ದರು ಅಷ್ಟೆ. ಆದರೆ 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಆ ಹಗುರವಾದ ಮಾತಿನ ಭಾರ ಗೊತ್ತಾಯಿತು. ಉಡುಪಿ ಹೋಟೆಲಿನ ಮೇಲೆ ಬಿದ್ದ ಕಲ್ಲು, ಒಳಗೆ ಗಲ್ಲೆಯ ಮೇಲೆ ಕೂತವನು ತುಳುವನೋ ಕೊಂಕಣಿಯೋ, ಮಾಣಿಗೆ ಮರಾಠಿ ಬರುತ್ತದೆಯೋ ಇಲ್ಲವೋ ಎಂದು ವಿಚಾರಿಸಲಿಲ್ಲ. ಗುಂಪಿಗೆ ಹೆಸರಿಡುವುದು ಸುಲಭ. ಇಟ್ಟ ಮೇಲೆ ಆ ಹೆಸರಿನ ಏಟನ್ನು ತಿನ್ನುವವರು ಒಬ್ಬೊಬ್ಬರೇ.

ಇದು ಒಂದು ದಿಕ್ಕಿನ ದೋಷವೂ ಅಲ್ಲ. ದಕ್ಷಿಣದವರ ಬಾಯಲ್ಲಿ ಉತ್ತರದವರೆಲ್ಲ 'ಹಿಂದಿಯವರು'. ಆದರೆ 2011ರ ಜನಗಣತಿಯಲ್ಲಿ ಹಿಂದಿಯೆಂಬ ತಲೆಬರಹದ ಕೆಳಗೆ ಬಂದ 52 ಕೋಟಿಗೂ ಹೆಚ್ಚು ಜನರಲ್ಲಿ ಭೋಜಪುರಿಯನ್ನು ತಾಯ್ನುಡಿಯೆಂದವರೇ 5 ಕೋಟಿ. ಅದೇ ಗಣತಿಯ 4.37 ಕೋಟಿ ಕನ್ನಡಿಗರ ಮೊತ್ತದೊಳಗೆ ನೀಲಗಿರಿಯ ಬಡಗ ನುಡಿಯ 1.33 ಲಕ್ಷ ಜನವೂ ಸೇರಿದ್ದಾರೆ. ಬಡಗವನ್ನು ಸ್ವತಂತ್ರ ಭಾಷೆಯೆನ್ನುವ ವಿದ್ವಾಂಸರೂ ಉಂಟು. ಗಣತಿಯವರು ಮೊತ್ತದ ಕೆಳಗೆ ಒಂದೊಂದು ನುಡಿಯ ಸಂಖ್ಯೆಯನ್ನೂ ಬೇರೆಯಾಗಿ ಅಚ್ಚುಹಾಕಿದ್ದಾರೆಂಬುದನ್ನು ಮೆಚ್ಚಬೇಕು. ಬಳ್ಳವನ್ನು ಸುರಿದು ನೋಡಲು ಬರುತ್ತದೆ. ನೋಡುವ ತಾಳ್ಮೆ ಇರಬೇಕಾದದ್ದು ಓದುವವರಲ್ಲಿ.

ಕರ್ನಾಟಕವೇ ಇಂಥದೊಂದು ಕೂಟ. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ ಪ್ರಾಂತದ ಜಿಲ್ಲೆಗಳು, ಹೈದರಾಬಾದಿನ ಜಿಲ್ಲೆಗಳು, ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಕೊಡಗು ಎಲ್ಲವೂ ಒಂದಾದವು. ಅದು ಜನರೇ ಬಯಸಿ ಪಡೆದ ಒಂದಾಗುವಿಕೆ, ಅದರ ಸಂತೋಷ ದೊಡ್ಡದು. ಆದರೂ ಒಂದಾದದ್ದಕ್ಕೆ ಅಂಟಿಸಿದ ಚೀಟಿ ಅವುಗಳಲ್ಲಿ ದೊಡ್ಡದಾಗಿದ್ದ ಮೈಸೂರಿನದು. ಕರ್ನಾಟಕವೆಂಬ ಹೆಸರು ಬರಲು 1973ರ ತನಕ, ಅಂದರೆ ಹದಿನೇಳು ವರ್ಷ, ಕಾಯಬೇಕಾಯಿತು. ರಾಜ್ಯದ ಸರಾಸರಿ ಆದಾಯ, ಸರಾಸರಿ ಸಾಕ್ಷರತೆ ಎಂಬ ಅಂಕಿಗಳೊಳಗೆ ಬೀದರ, ರಾಯಚೂರುಗಳ ಬಡತನ ಕಾಣದೆ ಉಳಿಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಬಳ್ಳವನ್ನು ಮೊರಕ್ಕೆ ಸುರಿಯಿತು. ಅಂದಿನ 175 ತಾಲೂಕುಗಳನ್ನು ಒಂದೊಂದಾಗಿ ನೋಡಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಹೇಳಿತು. 2012ರಲ್ಲಿ ಸಂವಿಧಾನದ ತಿದ್ದುಪಡಿಯಾಗಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ದೊರೆಯಿತು. ಆ ಭಾಗಕ್ಕೆ ಈಗ ಕಲ್ಯಾಣ ಕರ್ನಾಟಕವೆಂದು ಹೆಸರು. ಇದರಿಂದ ಏಕೀಕರಣ ಸಡಿಲವಾಯಿತೆಂದು ಯಾರೂ ಹೇಳಲಾರರು. ಹೆಚ್ಚು ಕಾಲ ಕಾದವನ ಲೆಕ್ಕವನ್ನು ತೆರೆದು ನೋಡಿದ್ದರಿಂದ ಅದು ಗಟ್ಟಿಯಾಯಿತೆಂದೇ ಹೇಳಬೇಕು.

ಹೊರನಾಡಿನ ಕನ್ನಡ ಸಂಘಗಳಿಗೂ ಈ ವಿವೇಕ ಸಲ್ಲುತ್ತದೆ. ಸಂಘದ ಸಭಾಗೃಹದಲ್ಲಿ ಕೂತವರಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಕೊಂಕಣಿ, ಬ್ಯಾರಿ, ಕೊಡವ ಆಡುವವರಿದ್ದಾರೆ. ಅವ್ವ ಎನ್ನುವ ಧಾರವಾಡದವರೂ ಅಮ್ಮ ಎನ್ನುವ ಮೈಸೂರಿನವರೂ ಇದ್ದಾರೆ. ಜೋಳದ ರೊಟ್ಟಿ, ನೀರುದೋಸೆ, ರಾಗಿಮುದ್ದೆಗಳ ಪೈಕಿ 'ಕನ್ನಡದ ಊಟ' ಯಾವುದೆಂದು ನಮ್ಮ ಮಕ್ಕಳು ಕೇಳಿದರೆ ಏನು ಹೇಳೋಣ? ಒಂದನ್ನು ಆರಿಸಿ ಹೇಳಿದರೆ ಅದು ಅಸೆಂಬಲ್: ಮೊದಲು ಬಂದದ್ದೊಂದು ಉಳಿದು ಬೇರೆಯವೆಲ್ಲ ಅಳಿದುಹೋಗುತ್ತವೆ. ಎಲ್ಲವೂ ಎಂದು ಹೇಳಿ, ಒಂದೊಂದರ ಊರನ್ನೂ ಹೇಳಿದರೆ ಅದು ಗ್ಯಾದರ್. ರಾಜ್ಯೋತ್ಸವದ ದಿನ ನಾವು ಒಂದಾಗಿ ನಿಲ್ಲಬೇಕು ನಿಜ. ಆದರೆ ವೇದಿಕೆಯ ಮೇಲಿನ ಭಾಷೆ ಯಾರದೋ ಒಂದು ಜಿಲ್ಲೆಯದೇ ಆಗಿ, ಮತ್ತೊಂದು ಜಿಲ್ಲೆಯ ಹುಡುಗಿ ತನ್ನ ಮಾತಿನ ಧಾಟಿಗೆ ನಾಚಿ ಹಿಂದಿನ ಸಾಲಿಗೆ ಹೋಗಿ ಕೂತರೆ, ನಮ್ಮ ಒಗ್ಗಟ್ಟಿನ ಬೆಲೆಯನ್ನು ಅವಳೊಬ್ಬಳೇ ತೆತ್ತಂತಾಯಿತು. ಆಟೋದ ಮೊದಲ ಪ್ರಯಾಣಿಕನಂತೆ, ಅವಳ ಸರದಿ ನಾಳೆ ಬದಲಾಗುವುದೂ ಇಲ್ಲ.

ಇಷ್ಟು ವಿಚಾರ ಮಾಡಿದ ಮೇಲೆ ನಮಗೆ ತೋರುವುದಿಷ್ಟು. ಒಂದು ಮಾಡುವುದು ಪಾಪವಲ್ಲ, ಅದಿಲ್ಲದೆ ಆಸ್ಪತ್ರೆಯೂ ನಡೆಯದು, ರಾಜ್ಯವೂ ನಡೆಯದು, ಸಂಘವೂ ನಡೆಯದು. ಆದರೆ ಒಂದು ಮಾಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಬೇಕು. ಬೇಕಾದಾಗ ಬಿಡಿಸಲು ಬರುತ್ತದೆಯೆ? ಬಾರದಿದ್ದರೆ ಒಬ್ಬೊಬ್ಬರ ಲೆಕ್ಕ ಬರೆದಿದೆಯೆ? ಲೆಕ್ಕ ಅಳಿಸುವುದಾದರೆ ಅದು ಅಳಿಸಿಕೊಂಡವರ ಹಿತಕ್ಕೂ ಒಪ್ಪಿಗೆಗೂ ಅನುಗುಣವಾಗಿದೆಯೆ? ಒಂದಾಗುವುದರ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಈ ಪ್ರಶ್ನೆಗಳಿಗೆ ಒಂದು ವಿಚಿತ್ರ ಗುಣವಿದೆ. ಸುರಿಯುವ ಮುಂಚೆ ಇವನ್ನು ಕೇಳಲು ಒಂದು ಗಳಿಗೆ ಸಾಕು. ಸುರಿದ ಮೇಲೆ ಉತ್ತರ ಹುಡುಕಲು ಹೊರಟರೆ, ಕೇಳಬೇಕಾದವರ ಹೆಸರೇ ಸಿಗದೆ ಹೋಗಬಹುದು. ಸಿಮ್ಯುಲೇಷನ್ನಿನ ಮಾದರಿಯಲ್ಲಾದರೆ ಮಾದರಿಕಾರ ಗುಂಡಿಯೊತ್ತಿ ಮೊದಲಿನಿಂದ ಮತ್ತೆ ಓಡಿಸಬಲ್ಲ, ಅಳಿದ ವಸ್ತುಗಳೆಲ್ಲ ಪುನಃ ಬಾಗಿಲಿಗೆ ಬರುತ್ತವೆ. ನಮ್ಮ ಕೈಯಲ್ಲಿರುವ ಮನೆ, ಸಂಘ, ಊರುಗಳಿಗೆ ಅಂಥ ಗುಂಡಿಯಿಲ್ಲ.